ಮೈಲನ್ ಹೈಸ್ಕೂಲಿನ 161 ಮಕ್ಕಳು

ಮಾರ್ಚ್ 22, 2025, ಶನಿವಾರ
ಇಂಡಿಯಾನಾಪೊಲಿಸ್

ಇವತ್ತು ಮೈಲನ್‌ಗೆ ಹೋಗಿ ಬಂದೆವು. ಇಟಲಿಯದ್ದಲ್ಲ, ನಮ್ಮ ಇಂಡಿಯಾನಾದ್ದು. ಇಲ್ಲಿಂದ ಆಗ್ನೇಯಕ್ಕೆ ಒಂದೂವರೆ ಗಂಟೆ ದಾರಿ. ಎರಡೂ ಕಡೆ ಮುಸುಕಿನ ಜೋಳ, ಸೋಯಾ ಬೆಳೆಯುವ ಹೊಲಗಳು, ಈಗಿನ್ನೂ ಖಾಲಿ. ನಡುವೆ ಬೇಟ್ಸ್‌ವಿಲ್ ಸಿಗುತ್ತದೆ. ಶವಪೆಟ್ಟಿಗೆ ತಯಾರಿಕೆಗೆ ಹೆಸರಾದ ಊರು ಅದು. ಆ ವಿಷಯ ಕೇಳಿದ ಮೇಲೆ ಇವಳು ಅಲ್ಲಿ ಕಾಫಿಗೆ ಇಳಿಯಲು ಸುತಾರಾಂ ಒಪ್ಪಲಿಲ್ಲ.

ಮೈಲನ್‌ನಲ್ಲಿ ನೋಡಲು ಏನಿದೆ ಅಂದರೆ ಒಂದು ಹಳೇ ನೀರಿನ ಟ್ಯಾಂಕು, ಒಂದು ಪುಟ್ಟ ಮ್ಯೂಸಿಯಂ. ಎರಡೂ 1954ರ ರಾಜ್ಯ ಟೂರ್ನಮೆಂಟಿನಲ್ಲಿ ಇಲ್ಲಿನ ಹೈಸ್ಕೂಲ್ ಹುಡುಗರ ಬ್ಯಾಸ್ಕೆಟ್‌ಬಾಲ್ ಗೆಲುವನ್ನೇ ಸಾರುತ್ತವೆ. ಆಗ ಊರಿನ ಜನಸಂಖ್ಯೆ ಸುಮಾರು 1,100. ಹೈಸ್ಕೂಲಿನಲ್ಲಿ 161 ಮಕ್ಕಳು. ನನ್ನ ಮಗಳ ಹೈಸ್ಕೂಲಿನಲ್ಲಿ ಒಂದು ಊಟದ ಬ್ರೇಕಿಗೆ ಇದಕ್ಕಿಂತ ಜಾಸ್ತಿ ಮಕ್ಕಳು ಕ್ಯೂ ನಿಲ್ಲುತ್ತಾರೆ.

ಆ ಕಾಲದ ಇಯರ್‌ಬುಕ್‌ಗಳೆಂದರೆ, ಅಂದರೆ ಶಾಲೆಗಳು ವರ್ಷಕ್ಕೊಂದು ತರುವ ಫೋಟೊ ಪುಸ್ತಕಗಳೆಂದರೆ, ನನಗೆ ಮೊದಲಿಂದಲೂ ಹುಚ್ಚು. ಇಲ್ಲಿನ ಹಳೇ ಸಾಮಾನಿನ ಅಂಗಡಿಗಳಲ್ಲಿ ಚಿಲ್ಲರೆ ದುಡ್ಡಿಗೆ ಸಿಗುತ್ತವೆ. ಕೊನೇ ವರ್ಷದವರ ಫೋಟೊ ಕೆಳಗೆ ಒಂದು ಪಟ್ಟಿ ಇರುತ್ತದೆ: ಬ್ಯಾಂಡ್ 1, 2, 3, ನಾಟಕ 3, 4, ಬ್ಯಾಸ್ಕೆಟ್‌ಬಾಲ್ 2, 3, 4. ಯಾವ ಯಾವ ವರ್ಷ ಏನೇನು ಮಾಡಿದರು ಅನ್ನುವ ಲೆಕ್ಕ ಅದು. ಸಣ್ಣ ಊರಿನ ಪುಸ್ತಕ ತಿರುವಿ ಹಾಕಿದರೆ ಒಂದೇ ಮುಖ ನಾಲ್ಕಾರು ಪುಟಗಳಲ್ಲಿ ಸಿಗುತ್ತದೆ. ತುತ್ತೂರಿ ಊದಿದವನೇ ನಾಟಕದಲ್ಲಿ ಅಜ್ಜ, ಅವನೇ ಕ್ಲಾಸಿನ ಖಜಾಂಚಿ. ಎಲ್ಲರಿಗೂ ಅಷ್ಟೊಂದು ಪ್ರತಿಭೆ ಇತ್ತು ಅಂತಲ್ಲ. ಬೇರೆ ಯಾರಿದ್ದರು? ತಂಡ ಕಟ್ಟಬೇಕು, ವಾದ್ಯ ಬಾರಿಸಬೇಕು, ಪರದೆ ಎಳೆಯಬೇಕು ಅಂದರೆ ಇದ್ದ ಮಕ್ಕಳೇ ಆಗಬೇಕು. ಸುಮ್ನೆ ಹಿಂದಿನ ಬೆಂಚಿನಲ್ಲಿ ಕೂತು ನಾಲ್ಕು ವರ್ಷ ಕಳೆಯಲು ಅಲ್ಲಿ ಯಾರೂ ಬಿಡುತ್ತಿರಲಿಲ್ಲ.

ಬೆಳಗ್ಗೆ ಹಾಲು ಕರೆದು, ದನಗಳಿಗೆ ಮೇವು ಹಾಕಿ, ಆಮೇಲೆ ಹಳದಿ ಬಸ್ ಹತ್ತುತ್ತಿದ್ದ ಮಕ್ಕಳು ಎಷ್ಟೋ. ಹುಡುಗರಿಗೆ ಮರಗೆಲಸದ ಶಾಪ್ ಕ್ಲಾಸು, ಹುಡುಗಿಯರಿಗೆ ಅಡುಗೆ, ಹೊಲಿಗೆಯ ಹೋಮ್ ಎಕನಾಮಿಕ್ಸ್. ಟೈಪಿಂಗ್ ಕ್ಲಾಸಿನಲ್ಲೂ ಹುಡುಗಿಯರೇ ಜಾಸ್ತಿ. ರೈತರ ಮಕ್ಕಳ ಸಂಘ ಫ್ಯೂಚರ್ ಫಾರ್ಮರ್ಸ್ ಆಫ್ ಅಮೆರಿಕದ ನೀಲಿ ಕಾರ್ಡುರಾಯ್ ಜಾಕೆಟ್ ತೊಡುವುದೆಂದರೆ ಹುಡುಗರಿಗೆ ದೊಡ್ಡ ಜಂಬ. ಅದೇ ಹೊಲದಲ್ಲಿ ಅಷ್ಟೇ ದುಡಿದ ಅಕ್ಕತಂಗಿಯರಿಗೆ ಆ ಸಂಘದ ಬಾಗಿಲು ದೇಶದ ಮಟ್ಟದಲ್ಲಿ ತೆರೆದದ್ದು 1969ರಲ್ಲಿ. ಬ್ಯಾಸ್ಕೆಟ್‌ಬಾಲ್‌ನಲ್ಲೂ ಇದೇ ಕಥೆ. ಇಂಡಿಯಾನಾದಲ್ಲಿ ಹುಡುಗಿಯರ ರಾಜ್ಯ ಟೂರ್ನಮೆಂಟ್ ಶುರುವಾದದ್ದು 1976ರಲ್ಲಿ. ಅಲ್ಲಿವರೆಗೆ ಅವರ ಪಾಲಿಗೆ ಚಿಯರ್ ಮಾಡುವುದೇ ಗತಿ. ಹಾಗಾಗಿ 'ಆಗ ಎಲ್ಲ ಮಕ್ಕಳಿಗೂ ಅವಕಾಶ ಇತ್ತು' ಅಂತ ಇಲ್ಲಿನ ಹಿರಿಯರು ಹೇಳುವಾಗ ನಾನು ಅರ್ಧ ಮಾತ್ರ ತಲೆಯಾಡಿಸುತ್ತೇನೆ.

ಆ ಆಟದ ಕಥೆ ಮಾತ್ರ ಎಷ್ಟು ಸಲ ಕೇಳಿದರೂ ಚೆಂದ. ಆಗ ಇಡೀ ರಾಜ್ಯಕ್ಕೆ ಒಂದೇ ಟೂರ್ನಮೆಂಟ್. ದೊಡ್ಡ ಶಾಲೆ, ಸಣ್ಣ ಶಾಲೆ ಅನ್ನುವ ಭೇದ ಇಲ್ಲ, ಸೋತರೆ ಮನೆಗೆ. ಮಾರ್ಚ್ 20ರ ರಾತ್ರಿ, ಇಂಡಿಯಾನಾಪೊಲಿಸ್‌ನ ಬಟ್ಲರ್ ಫೀಲ್ಡ್‌ಹೌಸ್ ಎಂಬ ಒಳಾಂಗಣದಲ್ಲಿ ಫೈನಲ್. ಎದುರಿಗೆ ಮನ್ಸಿ ಸೆಂಟ್ರಲ್, ಅಷ್ಟರಲ್ಲಾಗಲೇ ನಾಲ್ಕು ಸಲ ಗೆದ್ದಿದ್ದ ಶಾಲೆ, ಮೈಲನ್‌ಗಿಂತ ಹತ್ತು ಪಟ್ಟು ದೊಡ್ಡದು. ಕೊನೇ ಭಾಗದಲ್ಲಿ ಮೈಲನ್ ಎರಡು ಪಾಯಿಂಟ್ ಹಿಂದಿತ್ತು. ಆಗ ಮೈಲನ್ ತಂಡದ ಬಾಬಿ ಪ್ಲಂಪ್ ಏನು ಮಾಡಿದ? ಚೆಂಡು ಹಿಡಿದುಕೊಂಡು ನಿಂತುಬಿಟ್ಟ. ಒಂದೆರಡು ಸೆಕೆಂಡ್ ಅಲ್ಲ, ನಾಲ್ಕು ನಿಮಿಷಕ್ಕೂ ಜಾಸ್ತಿ. ಇಷ್ಟು ಸೆಕೆಂಡಿನೊಳಗೆ ಎಸೆಯಲೇಬೇಕು ಅನ್ನುವ ನಿಯಮ ಆಗ ಇರಲಿಲ್ಲ. ಗೆಲ್ಲುತ್ತಿರುವವರು ಹೊತ್ತು ಕಳೆಯುವುದುಂಟು. ಸೋಲುತ್ತಿರುವವರು ಹಾಗೆ ನಿಲ್ಲುವುದೆಂದರೆ! ಕೋಚ್ ಮಾರ್ವಿನ್ ವುಡ್ ಅವರ ಗುಂಡಿಗೆಯನ್ನು ಮೆಚ್ಚಬೇಕು. ಅಷ್ಟು ಹೊತ್ತು ಹಿಡಿದು ಕೊನೆಗೆ ಎಸೆದದ್ದೂ ಗುರಿ ತಪ್ಪಿತು. ಆಮೇಲೆ ಹೇಗೋ ಸಮ ಮಾಡಿಕೊಂಡು, 30-30 ಆಗಿದ್ದಾಗ, ಕೊನೇ ಗಳಿಗೆಯಲ್ಲಿ ಪ್ಲಂಪ್ ಹಾಕಿದ ಚೆಂಡು ಬುಟ್ಟಿಗೆ ಬಿತ್ತು. 32-30.

ಆ ರಾತ್ರಿ ಹುಡುಗರನ್ನು ರಾಜ್ಯದ ರಾಜಧಾನಿ ಇಂಡಿಯಾನಾಪೊಲಿಸ್‌ನ ನಡುಮಧ್ಯದ ಮಾನ್ಯುಮೆಂಟ್ ಸರ್ಕಲ್ ಸುತ್ತಿಸಿದರು. ಮರುದಿನ ಊರಿಗೆ ಮರಳುವಾಗ ಮೈಲಿಗಟ್ಟಲೆ ಜನ. ಒಟ್ಟು 40,000 ಅಂತ ಲೆಕ್ಕ. ರಥ ಎಳೆದ ದಿನ ನಮ್ಮೂರಿಗೆ ಸುತ್ತಲಿನ ಹಳ್ಳಿಗಳೆಲ್ಲ ಬಂದು ಬೀಳುತ್ತವಲ್ಲ, ಹಾಗೆ.

ಫೈನಲ್‌ಗೆ ಒಂದು ವಾರ ಮೊದಲು ಮೈಲನ್ ಇನ್ನೊಂದು ಶಾಲೆಯನ್ನು ಸೋಲಿಸಿತ್ತು. ಇಂಡಿಯಾನಾಪೊಲಿಸ್‌ನ ಕ್ರಿಸ್ಪಸ್ ಅಟಕ್ಸ್. 1927ರಲ್ಲಿ ಕಪ್ಪು ಮಕ್ಕಳನ್ನು ಬೇರೆಯಿಡಲೆಂದೇ ಕಟ್ಟಿಸಿದ ಹೈಸ್ಕೂಲ್ ಅದು. 1949ರಲ್ಲೇ ಇಂಡಿಯಾನಾ ಕಾನೂನು ಮಾಡಿ ಈ ಬೇರೆಯಿಡುವುದನ್ನು ನಿಲ್ಲಿಸಬೇಕು ಎಂದಿತ್ತು, ಆದರೂ ಅಟಕ್ಸ್ ಕಪ್ಪು ಮಕ್ಕಳ ಶಾಲೆಯಾಗಿಯೇ ಉಳಿದಿತ್ತು. ಆ ದಿನ ಸೋತವರಲ್ಲಿ ಮುಂದೆ ದೇಶದ ಹೆಸರಾಂತ ಬ್ಯಾಸ್ಕೆಟ್‌ಬಾಲ್ ಆಟಗಾರನಾದ ಆಸ್ಕರ್ ರಾಬರ್ಟ್‌ಸನ್ ಎಂಬ ಹುಡುಗನೂ ಇದ್ದ. 1955ರಲ್ಲಿ ಅದೇ ಟೂರ್ನಮೆಂಟನ್ನು ಅಟಕ್ಸ್ ಗೆದ್ದಿತು, 1956ರಲ್ಲಿ ಮತ್ತೆ ಗೆದ್ದಿತು, ಆ ವರ್ಷ ಒಂದೂ ಪಂದ್ಯ ಸೋಲದೆ. 1955ರ ಮೆರವಣಿಗೆ ಮಾನ್ಯುಮೆಂಟ್ ಸರ್ಕಲ್ ತನಕ ಬಂತು, ಒಂದು ಸುತ್ತು ಹಾಕಿತು, ಅಲ್ಲಿಂದ ಸೀದಾ ಕಪ್ಪು ಜನರಿದ್ದ ಕಡೆಯ ನಾರ್ತ್‌ವೆಸ್ಟರ್ನ್ ಪಾರ್ಕಿಗೆ ಕಳಿಸಿಬಿಟ್ಟರು. ಗೆದ್ದದ್ದು ಇದೇ ನಗರದ ಮಕ್ಕಳು, ನಗರದ ಮಧ್ಯದಲ್ಲಿ ಕುಣಿಯಲು ಬಿಡಲಿಲ್ಲ. ರಾಬರ್ಟ್‌ಸನ್ ಆ ನೋವನ್ನು ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಮೈಲನ್ ಕಥೆಯನ್ನು ದೇಶವೆಲ್ಲ ಹೇಳುತ್ತದೆ, ಇದನ್ನು ಮಾತ್ರ ಕೇಳಿದರೆ ಹೇಳುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ.

ಮೈಲನ್‌ನಂಥ ಶಾಲೆಗಳು ಆಮೇಲೆ ಕಡಿಮೆಯಾಗುತ್ತಾ ಹೋದವು. 1950ರ ಹೊತ್ತಿಗೆ ದೇಶದಲ್ಲಿ 83,000ಕ್ಕೂ ಹೆಚ್ಚು ಶಾಲಾ ಜಿಲ್ಲೆಗಳು, ಅಂದರೆ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತಗಳು ಇದ್ದವು, ಹತ್ತೇ ವರ್ಷದಲ್ಲಿ ಸುಮಾರು 40,000ಕ್ಕೆ ಇಳಿದವು. ಇಂಡಿಯಾನಾ 1959ರಲ್ಲಿ ಕಾನೂನು ತಂದು ಸಣ್ಣ ಆಡಳಿತಗಳನ್ನು ಒಟ್ಟುಗೂಡಿಸಿತು. ಮೂರು ನಾಲ್ಕು ಊರು ಸೇರಿ ಹೊಲದ ಮಧ್ಯೆ ಒಂದು ದೊಡ್ಡ ಶಾಲೆ. ಲ್ಯಾಬು, ಒಂದೊಂದು ವಿಷಯಕ್ಕೆ ಒಬ್ಬೊಬ್ಬ ಟೀಚರು, ಇದೆಲ್ಲ ಸಿಕ್ಕಿತು. ರಷ್ಯಾದ ಉಪಗ್ರಹ ಸ್ಪುಟ್ನಿಕ್ ಹಾರಿ ಒಂದೆರಡು ವರ್ಷ ಕಳೆದಿತ್ತಷ್ಟೆ, ವಿಜ್ಞಾನ ಕಲಿಸಬೇಕು ಎಂಬ ಅವಸರ ಎಲ್ಲರಿಗೂ. ತಪ್ಪು ಅನ್ನಲಾರೆ. ಆದರೆ ತಂಡಕ್ಕೆ ಬೇಕಾದದ್ದು ಹತ್ತು ಹನ್ನೆರಡು ಮಕ್ಕಳು ಮಾತ್ರ, ಮೂರು ಶಾಲೆ ಸೇರಿದರೆ ಉಳಿದವರು ಗ್ಯಾಲರಿಗೆ.

1997ಕ್ಕೆ ಆ ಒಂದೇ ಟೂರ್ನಮೆಂಟೂ ಮುಗಿಯಿತು. ಈಗ ಶಾಲೆಗಳನ್ನು ಗಾತ್ರ ನೋಡಿ ವಿಂಗಡಿಸಿ ಬೇರೆ ಬೇರೆ ಆಡಿಸುತ್ತಾರೆ. ನಮ್ಮ ಆಫೀಸಿನ ಹಿರಿಯರೊಬ್ಬರು ಇದಕ್ಕೆ ಇವತ್ತಿಗೂ ಬೈಯುತ್ತಾರೆ. ಇನ್ನೊಂದು ಮೈಲನ್ ಹುಟ್ಟುವ ದಾರಿಯನ್ನೇ ಮುಚ್ಚಿಬಿಟ್ಟರು ಎಂಬುದು ಅವರ ವಾದ. ಮೊದಲ ಸುತ್ತಿನಲ್ಲೇ ಸೋತು ಬರುತ್ತಿದ್ದ ನೂರಾರು ಪುಟ್ಟ ಶಾಲೆಗಳ ಮಾತನ್ನು ಅವರು ಎತ್ತುವುದೇ ಇಲ್ಲ.

ಅಟಕ್ಸ್ ಶಾಲೆಯೊಳಗೂ ಒಂದು ಮ್ಯೂಸಿಯಂ ಇದೆ. ಶನಿವಾರ ತೆರೆದಿರುತ್ತದಾ ಅಂತ ಸೋಮವಾರ ಫೋನ್ ಮಾಡಿ ಕೇಳಬೇಕು.