ಲೇಸರ್ ಹೊಡೆಸೋದಾ, ಬೇಡ್ವಾ?

ಮೆಡಿಕಲ್ ಸ್ಟೋರ್ ನಡೆಸುವವನಿಗೆ ಕಣ್ಣು ಮಂಜಾಗಿದೆ ಅಂತ ಮೊದಲು ಗೊತ್ತಾಗುವುದು ಎಕ್ಸ್‌ಪೈರಿ ಡೇಟ್ ಓದುವಾಗ. ಮಾತ್ರೆ ಸ್ಟ್ರಿಪ್ಪಿನ ಅಂಚಿನಲ್ಲಿ, ಬೆಳ್ಳಿ ಬಣ್ಣದ ಹಾಳೆ ಮೇಲೆ, ಕೆಲವು ಕಂಪನಿಯವರು ಶಾಯಿಯೇ ಇಲ್ಲದೆ ಬರೀ ಒತ್ತಿಬಿಟ್ಟಿರುತ್ತಾರೆ. ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿದು, ಅಕ್ಷರದ ನೆರಳು ಬೀಳಿಸಿಕೊಂಡು ಓದಬೇಕು. ಪೊರೆ ತೆಗೆಸಿ ಲೆನ್ಸ್ ಹಾಕಿಸಿಕೊಂಡ ಮೇಲೆ ಓದುವ ಕನ್ನಡಕ ಏರಿಸಿದರೆ ಸಾಕಿತ್ತು, ಸಲೀಸಾಗಿ ಕಾಣುತ್ತಿತ್ತು. ಹೋದ ದಸರಾ ಹೊತ್ತಿಗೆ 3 ಯಾವುದು 8 ಯಾವುದು ಅಂತ ಅಂಗಡಿ ಹುಡುಗನ ಕೈಗೆ ಕೊಟ್ಟು ಓದಿಸುವ ಹಾಗಾಯಿತು. "ಅಣ್ಣ, ಕನ್ನಡಕ ಒರೆಸ್ಕೊಳ್ಳಿ" ಅಂದ. ದಿನವಿಡೀ ಒರೆಸುವುದೇ ಆಗಿತ್ತು ನನ್ನ ಕೆಲಸ.

ರಾತ್ರಿ ಇನ್ನೂ ಕಷ್ಟ. ಅಂಗಡಿ ಬಾಗಿಲು ಹಾಕಿ ಸ್ಕೂಟರಿನಲ್ಲಿ ಮನೆಗೆ ಹೋಗಬೇಕು. ಕಬ್ಬು ಕಡಿಯುವ ಕಾಲದಲ್ಲಿ ಮಂಡ್ಯದ ರಸ್ತೆ ಹೇಗಿರುತ್ತೆ ಗೊತ್ತಲ್ಲ, ಮುಂದೆ ಹಿಂಬದಿ ಲೈಟೇ ಇಲ್ಲದ ಟ್ರ್ಯಾಕ್ಟರ್, ಎದುರಿಗೆ ಹೈ ಬೀಮ್ ಹಾಕಿಕೊಂಡು ಬರುವ ಕಾರು. ಆ ಬೆಳಕು ಬಲಗಣ್ಣಿಗೆ ಬಿದ್ದರೆ ಸುತ್ತ ಚೆಲ್ಲಾಡಿ, ಟ್ರ್ಯಾಕ್ಟರೇ ಮಾಯ.

ಹೇಳಿದ ತಕ್ಷಣ ಎಲ್ಲರೂ ಡಾಕ್ಟರಾದರು. ಪೊರೆ ಮತ್ತೆ ಬೆಳೆದಿದೆ ಅಂದರು ಒಬ್ಬರು. ಜೇನುತುಪ್ಪ ಬಿಟ್ಕೊಳ್ಳಿ ಅಂದರು ಇನ್ನೊಬ್ಬರು, ಅದೂ ನನ್ನದೇ ಅಂಗಡಿ ಕೌಂಟರಿನ ಮುಂದೆ ನಿಂತು! ನಮ್ಮ ಭಾವಮೈದ ಮಾತ್ರ ಖಡಾಖಂಡಿತವಾಗಿ, "ಭಾವ, ಲೇಸರ್ ಅಂತಾರೆ, ದುಡ್ಡು ಮಾಡೋಕೆ, ಹೋಗ್ಬೇಡಿ" ಅಂದ. ಲೇಸರ್ ಅನ್ನುವುದು ಇನ್ನೂ ಯಾರೂ ಹೇಳಿರಲಿಲ್ಲ.

ಆಪರೇಷನ್ ಮಾಡಿದ್ದ ಡಾಕ್ಟರನ್ನೇ ನೋಡೋಣ ಅಂತ ಬಸ್ ಹತ್ತಿ ಮೈಸೂರಿಗೆ ಹೋದೆ. ಪಾಪೆ ಅಗಲ ಮಾಡುವ ಡ್ರಾಪ್ಸ್ ಹಾಕಿದರೆ ಆ ದಿನ ಸಂಜೆತನಕ ಗಾಡಿ ಓಡಿಸುವ ಹಾಗಿಲ್ಲ. ಈ ಮಾತನ್ನು ನಾನೇ ಎಷ್ಟು ಜನಕ್ಕೆ ಹೇಳಿದ್ದೇನೋ.

ಡಾಕ್ಟರು ಹೇಳಿದ್ದು ಇಷ್ಟು. ಹುಟ್ಟಿನಿಂದ ಬಂದ ಲೆನ್ಸ್ ಒಂದು ತೆಳ್ಳನೆ ಚೀಲದೊಳಗೆ ಇರುತ್ತೆ. ಆಪರೇಷನ್ನಿನಲ್ಲಿ ಚೀಲದ ಮುಂಭಾಗ ತೆರೆದು, ಮಂಜಾದ ಲೆನ್ಸ್ ಹೊರಗೆ ತೆಗೆದು, ಹೊಸದನ್ನು ಅದೇ ಚೀಲದಲ್ಲಿ ಕೂರಿಸುತ್ತಾರೆ. ಹಿಂಭಾಗ ಹಾಗೇ ಉಳಿಯುತ್ತೆ. ಎಷ್ಟೇ ಚೊಕ್ಕಟವಾಗಿ ತೆಗೆದರೂ ಒಂದಿಷ್ಟು ಜೀವಕೋಶ ಅಂಟಿಕೊಂಡಿರುತ್ತವೆ, ಅವು ನಿಧಾನಕ್ಕೆ ಆ ಹಿಂಭಾಗದ ಮೇಲೆ ಹಬ್ಬುತ್ತವೆ. ಪೊರೆ ಒಮ್ಮೆ ತೆಗೆದರೆ ಮುಗಿಯಿತು, ಮತ್ತೆ ಬರಲ್ಲ. ಮಂಜಾಗಿರುವುದು ಚೀಲ. ಅಂಚು ಚೌಕವಾಗಿ ಕತ್ತರಿಸಿದಂತಿರುವ ಲೆನ್ಸ್‌ಗಳು ಬಂದ ಮೇಲೆ ಇದು ಕಡಿಮೆಯಾಗಿದೆಯಂತೆ, ನಿಂತಿಲ್ಲ. ಕರಗಿಸುವ ಡ್ರಾಪ್ಸ್ ಏನಾದರೂ ಇದೆಯಾ ಅಂದರೆ ಇಲ್ಲ. ಅದು ನನಗೂ ಗೊತ್ತಿತ್ತು, ಇದ್ದಿದ್ದರೆ ನಾನೇ ಮಾರುತ್ತಿದ್ದೆನಲ್ಲ. ಇರುವ ದಾರಿ ಲೇಸರ್, ಅದರಿಂದ ಚೀಲದ ಆ ಹಿಂಭಾಗದ ನಡುವೆ ತೂತು ಮಾಡಿ ಬೆಳಕಿಗೆ ದಾರಿ ಬಿಡುತ್ತಾರೆ.

"ಹಾಗಾದ್ರೆ ಲೇಸರ್ ಮಾಡಿಸ್ಲೇಬೇಕಾ ಡಾಕ್ಟ್ರೇ?"

"ಚಾರ್ಟಲ್ಲಿ 6/9 ಓದ್ತಿದ್ದೀರಿ, ಅಂದ್ರೆ ಹೆಚ್ಚುಕಮ್ಮಿ ಚೆನ್ನಾಗೇ ಕಾಣ್ತಿದೆ. ಮಾಡಿಸ್ಲೇಬೇಕು ಅಂತ ನಾನು ಹೇಳಲ್ಲ. ಎಷ್ಟು ತೊಂದ್ರೆ ಆಗ್ತಿದೆ ಅಂತ ನೀವೇ ಹೇಳ್ಬೇಕು."

ಕತ್ತಲೆ ಕೋಣೆಯಲ್ಲಿ, ಬೆಳಗುವ ಬಿಳಿ ಹಲಗೆ ಮೇಲಿನ ಕಪ್ಪು ಅಕ್ಷರ ಯಾರಿಗೆ ಕಾಣಲ್ಲ? ಅಲ್ಲಿ ಟ್ರ್ಯಾಕ್ಟರ್ ಇಲ್ಲ, ಹೈ ಬೀಮ್ ಇಲ್ಲ. ಹೀಗೆ ಅಂದಾಗ ಅವರು ನಕ್ಕು, ಪಕ್ಕದಿಂದ ಟಾರ್ಚ್ ಬಿಟ್ಟು ಅದೇ ಚಾರ್ಟ್ ಓದಿಸಿದರು. ಮೇಲಿನ ದಪ್ಪಕ್ಷರಗಳೇ ತಡವರಿಸಿದವು. ಸರಿ, ತೊಂದರೆ ಇರುವುದು ನಿಜ ಅಂತಾಯಿತು.

ಆದರೂ ಅವತ್ತೇ ಹೂಂ ಅನ್ನಲಿಲ್ಲ. ನನಗೆ ಹೈಸ್ಕೂಲಿನಿಂದಲೇ ಮೈನಸ್ 9ರ ಸೋಡಾ ಗ್ಲಾಸು. ಅಷ್ಟು ಮೈನಸ್ ಇರುವವರ ಕಣ್ಣುಗುಡ್ಡೆ ಉದ್ದವಾಗಿರುತ್ತೆ, ಹಿಂದೆ ಬೆಳಕು ಹಿಡಿಯುವ ಪದರ, ರೆಟಿನಾ, ಎಳೆದು ತೆಳುವಾಗಿರುತ್ತೆ, ಪೊರೆ ತೆಗೆಸಿ ಲೆನ್ಸ್ ಹಾಕಿಸಿಕೊಂಡ ಮಾತ್ರಕ್ಕೆ ಅದೇನೂ ಬದಲಾಗಲ್ಲ. ಲೇಸರ್ ಆದ ಮೇಲೆ ರೆಟಿನಾ ಕಿತ್ತುಬರುವುದು ಅಪರೂಪ, ಆದರೆ ಅಂಥ ಅಪರೂಪ ಆಗುವುದಿದ್ದರೆ ನನ್ನಂಥವರಿಗೇ ಜಾಸ್ತಿ. ಇನ್ನೊಂದು ವಿಷಯವನ್ನು ನಾನಾಗಿ ಕೇಳಿದ್ದಕ್ಕೆ ಹೇಳಿದರು: ಚೀಲಕ್ಕೆ ಒಮ್ಮೆ ತೂತು ಮಾಡಿದರೆ ಮುಂದೆ ಯಾವತ್ತಾದರೂ ಒಳಗಿನ ಲೆನ್ಸ್ ಬದಲಾಯಿಸಬೇಕಾಗಿ ಬಂದರೆ ಕೆಲಸ ಬಹಳ ಕಷ್ಟವಾಗುತ್ತೆ. ನನಗೆ ಲೆನ್ಸ್ ಬಗ್ಗೆ ದೂರು ಇರಲಿಲ್ಲ. ಲೆನ್ಸೇ ಸರಿಹೋಗಿಲ್ಲ ಅನ್ನುವವರು ಮಾತ್ರ ಈ ತೂತಿಗೆ ಅವಸರ ಮಾಡಬಾರದು ಅಂತ ನನಗನ್ನಿಸುತ್ತೆ.

ಕಾಯ್ದರೆ ಏನಾಗುತ್ತೆ? ಮಂಜು ಇನ್ನಷ್ಟು ದಟ್ಟವಾಗಬಹುದು ಅಷ್ಟೇ, ಕಣ್ಣಿಗೆ ಅದರಿಂದ ಬೇರೆ ಹಾನಿ ಇಲ್ಲ. ತುಂಬ ದಪ್ಪಗಾದರೆ ಲೇಸರ್ ಏಟು ಜಾಸ್ತಿ ಬೇಕಾಗುತ್ತೆ. ಹಾಗಾಗಿ ಯಾರೂ ನನ್ನನ್ನು ಅಟ್ಟಿಸಿಕೊಂಡು ಬರುತ್ತಿಲ್ಲ ಅನ್ನುವ ಧೈರ್ಯದಲ್ಲಿ ಊರಿಗೆ ಬಂದೆ. ಮನೆಯಲ್ಲಿ ನನ್ನ ಹೆಂಡತಿ ಎಲ್ಲ ಕೇಳಿಸಿಕೊಂಡು, "ರೀ, ರೆಟಿನಾ ಗಟ್ಟಿ ಇದ್ಯಾ ಅಂತ ಮೊದ್ಲು ತೋರಿಸಿ. ಇದ್ರೆ ಮಾಡಿಸಿ. ಇಲ್ಲಾಂದ್ರೆ ರಾತ್ರಿ ಸ್ಕೂಟರ್ ಬಿಟ್ಬಿಡಿ" ಅಂದಳು. ನಾನು ವಾರವೆಲ್ಲ ತಲೆ ಕೆಡಿಸಿಕೊಂಡಿದ್ದಕ್ಕೆ ಅವಳು ಸೊಪ್ಪು ಸೋಸುತ್ತಲೇ ತೀರ್ಪು ಕೊಟ್ಟಳು.

ಹಾಗೇ ಮಾಡಿದೆ. ರೆಟಿನಾದ ಅಂಚುಗಳನ್ನೆಲ್ಲ ತಿರುಗಿಸಿ ತಿರುಗಿಸಿ ನೋಡಿದರು, ನಟ್ಟನಡುವಿನ ಭಾಗಕ್ಕೆ ಪದರ ಪದರವಾಗಿ ತೋರಿಸುವ ಓಸಿಟಿ ಸ್ಕ್ಯಾನ್ ಮಾಡಿದರು. ಮಂಜಿಗೆ ಚೀಲವೇ ಕಾರಣ, ಹಿಂದೆ ಬೇರೇನೂ ಇಲ್ಲ ಅಂತ ಖಾತ್ರಿಯಾಯಿತು. ನನಗೆ ಇದೇ ಮುಖ್ಯವಾಗಿತ್ತು. ಕಾರಣ ರೆಟಿನಾದಲ್ಲಿದ್ದು ಲೇಸರನ್ನು ಚೀಲಕ್ಕೆ ಹೊಡೆದು ಪ್ರಯೋಜನವೇನು?

ಆಮೇಲಿನದು ಬೇಗ ಮುಗಿಯಿತು. ಮುಂಚೆ ಒಂದು ಡ್ರಾಪ್ ಹಾಕಿದರು, ಬಾಟಲಿ ನೋಡಿದರೆ ಬ್ರಿಮೋನಿಡಿನ್, ಕಣ್ಣಿನ ಒತ್ತಡ ಇಳಿಸಲು ಗ್ಲಾಕೋಮಾದವರಿಗೆ ನಾನು ದಿನಾ ಕೊಡುವುದೇ. ಲೇಸರ್ ಆದ ಕೂಡಲೇ ಕಣ್ಣಿನ ಒತ್ತಡ ಏರಬಹುದು, ಅದಕ್ಕೆ. ಮರಗಟ್ಟಿಸಿ, ಜೆಲ್ ಹಚ್ಚಿದ ಗಾಜಿನ ಬಿಲ್ಲೆಯನ್ನು ಕಣ್ಣಿಗೆ ಒತ್ತಿದಾಗ ತಣ್ಣಗೆ ಕೊರೆಯಿತು. ಗಲ್ಲ ಊರಿ ಕೂತಿದ್ದೆ. ಕೆಂಪು ಚುಕ್ಕಿಗಳು ಕಾಣುತ್ತವೆ, ಅವು ಗುರಿ ಹಿಡಿಯಲು ಮಾತ್ರ, 1064 ನ್ಯಾನೋಮೀಟರಿನ ಯಾಗ್ ಲೇಸರ್ ಕಣ್ಣಿಗೆ ಕಾಣುವಂಥದ್ದಲ್ಲ. ಟಿಕ್, ಟಿಕ್ ಅಂತ ಸದ್ದು, ನೋವಿಲ್ಲ. 1980ರ ಸುಮಾರಿಗೆ ಈ ಲೇಸರ್ ಬರುವ ಮುಂಚೆ ಇದೇ ಕೆಲಸಕ್ಕೆ ಕಣ್ಣೊಳಗೆ ಸೂಜಿಯೋ ಚಾಕುವೋ ಹೋಗಬೇಕಿತ್ತು. ಅದನ್ನು ನೆನೆಸಿಕೊಂಡು ಅಲುಗಾಡದೆ ಕೂತೆ. ಕಾಫಿ ಕುಡಿಯುವಷ್ಟು ಹೊತ್ತೂ ಆಗಲಿಲ್ಲ. ಆಮೇಲೆ ಒಂದು ಗಂಟೆ ಕೂರಿಸಿ ಒತ್ತಡ ನೋಡಿ ಕಳಿಸಿದರು.

ಅವತ್ತು ಸಂಜೆತನಕ ಎಲ್ಲಾ ಕಲಸುಮೇಲೋಗರ. ಮಾರನೇ ದಿನ ಬೆಳಗ್ಗೆ ಎಡಗಣ್ಣು ಮುಚ್ಚಿ ನೋಡಿದರೆ ಎದುರುಮನೆ ಮಹಡಿಯ ಬಟ್ಟೆ ತಂತಿ, ಅದರ ಮೇಲಿನ ಕ್ಲಿಪ್ಪುಗಳು ಸಮೇತ ಕಂಡಿತು. ಜೊತೆಗೆ ಸಣ್ಣ ಕಪ್ಪು ಎಳೆಗಳೂ ತೇಲಾಡುತ್ತಿದ್ದವು, ಹರಿದ ಚೀಲದ ಚೂರುಗಳಂತೆ, ಕೆಲವು ವಾರದಲ್ಲಿ ಕಡಿಮೆಯಾದವು. ಮಿಂಚು ಹೊಡೆದ ಹಾಗೆ ಕಂಡರೆ, ಎಳೆಗಳು ಇದ್ದಕ್ಕಿದ್ದಂತೆ ಮಳೆಯಾದರೆ, ಪರದೆ ಇಳಿದ ಹಾಗಾದರೆ ಆ ಕ್ಷಣ ಹೊರಟು ಬನ್ನಿ, ಬೆಳಗಾಗಲಿ ಅಂತ ಕಾಯಬೇಡಿ ಅಂದಿದ್ದಾರೆ. ನನ್ನ ಮೈನಸ್‌ಗೆ ಆ ಎಚ್ಚರ ಯಾವತ್ತಿಗೂ ಇದ್ದದ್ದೇ.

ಎಡಗಣ್ಣಿನ ಚೀಲವೂ ಸ್ವಲ್ಪ ಮಂಜಾಗಿದೆಯಂತೆ. "ಅದನ್ನೂ ಮಾಡೋಣ್ವಾ?" ಅಂತ ಡಾಕ್ಟರು ಕೇಳಿದರು. ಅದರಿಂದ ನನಗೆ ಏನೂ ತೊಂದರೆ ಇಲ್ಲ, ರಾತ್ರಿ ಗಾಡಿಯೂ ಓಡಿಸುತ್ತಿದ್ದೇನೆ. ಸುಮ್ನೆ ಯಾಕೆ, ಈಗ ಬೇಡ ಅಂದೆ. ಯುಗಾದಿ ಕಳೆದ ಮೇಲೆ ರೆಟಿನಾ ತೋರಿಸಲು ಹೋಗಬೇಕು, ಆಗ ಅದನ್ನೂ ನೋಡುತ್ತಾರೆ.