ಸೋತವರ ಟೂರ್ನಿ ಯಾಕೆ ನೋಡ್ತೀಯ?

ಮಾರ್ಚ್ ತಿಂಗಳು ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ಆಫೀಸಿನಲ್ಲಿ ಕೇಳುತ್ತಾರೆ, ಇಲ್ಲಿ ಅಮೆರಿಕದಲ್ಲಿರುವ ಕನ್ನಡ ಗೆಳೆಯರು ಕೇಳುತ್ತಾರೆ. ಮೈಸೂರಿನಿಂದ ಅಮ್ಮ ಫೋನಿನಲ್ಲಿ ಕೇಳುವುದು ಸ್ವಲ್ಪ ಬೇರೆ ಥರ: "ಎನ್‌ಐಟಿ ಅಂತೀಯಲ್ಲೋ, ಸುರತ್ಕಲ್‌ನಲ್ಲಿ ಸೀಟು ಸಿಗಲಿಲ್ಲ ಅಂತ ಅಲ್ಲಿ ಹೋಗಿ ನೋಡ್ತಿದ್ದೀಯಾ?"

ಸುರತ್ಕಲ್‌ಗೂ ಇದಕ್ಕೂ ಸಂಬಂಧವಿಲ್ಲ. ಇದು ನ್ಯಾಷನಲ್ ಇನ್ವಿಟೇಷನ್ ಟೂರ್ನಮೆಂಟ್, ಅಮೆರಿಕದ ಕಾಲೇಜು ಹುಡುಗರ ಬ್ಯಾಸ್ಕೆಟ್‌ಬಾಲ್‌ನ ಎರಡನೇ ಸಾಲಿನ ಟೂರ್ನಿ. ಮೊದಲನೆಯದು ಎಲ್ಲರಿಗೂ ಗೊತ್ತಿರುವ 'ಮಾರ್ಚ್ ಮ್ಯಾಡ್‌ನೆಸ್', ಅಂದರೆ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆಯಾದ ಎನ್‌ಸಿಎಎಯ ಟೂರ್ನಿ. ಸುಮಾರು 360 ಕಾಲೇಜುಗಳಲ್ಲಿ 68ಕ್ಕೆ ಅಲ್ಲಿ ಜಾಗ. ತಮ್ಮ ಕಾನ್ಫರೆನ್ಸಿನ, ಅಂದರೆ ಕಾಲೇಜುಗಳ ಗುಂಪಿನ, ಟೂರ್ನಿ ಗೆದ್ದವರು ನೇರವಾಗಿ ಒಳಗೆ ಹೋಗುತ್ತಾರೆ, ಉಳಿದ ಜಾಗಗಳನ್ನು ಒಂದು ಸಮಿತಿ ಬಾಗಿಲು ಹಾಕಿಕೊಂಡು ಕೂತು ಹಂಚುತ್ತದೆ. ಅಲ್ಲಿ ಹೆಸರು ಬರದವರಲ್ಲಿ ಒಂದಿಷ್ಟು ಜನ ಎನ್‌ಐಟಿಗೆ ಬರುತ್ತಾರೆ. ಹೆಸರಿನಲ್ಲೇ 'ಆಹ್ವಾನ' ಇರುವ ಟೂರ್ನಿಗೆ ದೊಡ್ಡ ಮನೆಯ ಆಹ್ವಾನ ಸಿಗದವರೇ ಅತಿಥಿಗಳು. ಇಲ್ಲಿನವರು ಇದನ್ನು ಆಡಿಕೊಳ್ಳದೆ ಬಿಟ್ಟಿಲ್ಲ. ಗೆದ್ದವರನ್ನು 'ದೇಶಕ್ಕೇ 69ನೇ ರ‍್ಯಾಂಕ್' ಅನ್ನುತ್ತಾರೆ. ಸಪ್ಲಿಮೆಂಟರಿಯಲ್ಲಿ ಪಾಸಾದವನಿಗೆ ಹಾರ ಹಾಕಿದ ಹಾಗೆ.

ಆದರೆ ಈ ಎರಡರಲ್ಲಿ ಹಿರಿಯದು ಎನ್‌ಐಟಿಯೇ. 1938ರಲ್ಲಿ ನ್ಯೂಯಾರ್ಕಿನ ಕ್ರೀಡಾ ಪತ್ರಕರ್ತರು ಸೇರಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕ್ರೀಡಾಂಗಣದಲ್ಲಿ ಆರೇ ತಂಡಗಳನ್ನು ಕರೆದು ಶುರು ಮಾಡಿದರು. ಫೈನಲ್‌ನಲ್ಲಿ ಟೆಂಪಲ್ ತಂಡ ಕೊಲರಾಡೊವನ್ನು 60-36ರಿಂದ ಸೋಲಿಸಿತು. ಸೋತ ತಂಡದಲ್ಲಿದ್ದ ಬೈರನ್ ವೈಟ್ ಮುಂದೆ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. ಎನ್‌ಸಿಎಎ ಟೂರ್ನಿ ಹುಟ್ಟಿದ್ದು ಅದರ ಮರುವರ್ಷ. 1950ರಲ್ಲಂತೂ ನ್ಯೂಯಾರ್ಕಿನ ಸಿಟಿ ಕಾಲೇಜ್ ಒಂದೇ ವರ್ಷ ಎರಡನ್ನೂ ಗೆದ್ದಿತು, ಎರಡೂ ಫೈನಲ್‌ನಲ್ಲಿ ಬ್ರಾಡ್ಲಿ ತಂಡವನ್ನೇ ಸೋಲಿಸಿ. ಮರುವರ್ಷ ಅದೇ ಹುಡುಗರಲ್ಲಿ ಕೆಲವರು ಜೂಜುಕೋರರಿಂದ ದುಡ್ಡು ತೆಗೆದುಕೊಂಡು ಬೇಕಂತಲೇ ಅಂಕ ಕಡಿಮೆ ಮಾಡಿದ ಹಗರಣದಲ್ಲಿ ಸಿಕ್ಕಿಬಿದ್ದರು, ಗಾರ್ಡನ್‌ನ ಹೆಸರಿಗೂ ಮಸಿ ಬಿತ್ತು.

ಹಿರಿಯವನು ಹಿಂದಿನ ಬೆಂಚಿಗೆ ಹೋಗಿದ್ದು ಹೇಗೆ ಅನ್ನುವುದಕ್ಕೆ ನಾನು ಹೇಳುವ ಕಥೆ 1970ರದು. ಮಾರ್ಕೆಟ್ (Marquette) ವಿಶ್ವವಿದ್ಯಾಲಯದ ಕೋಚ್ ಆಲ್ ಮೆಗ್ವೈರ್ ಅವರ ತಂಡ ದೇಶದ ಅಗ್ರ ಹತ್ತರಲ್ಲಿತ್ತು. ಎನ್‌ಸಿಎಎ ಕರೆಯಿತು, ಆದರೆ ಮನೆಗೆ ಹತ್ತಿರದ ಒಹಾಯೊದ ಡೇಟನ್ ಬಿಟ್ಟು ದೂರದ ಟೆಕ್ಸಾಸಿನ ಫೋರ್ಟ್ ವರ್ತ್‌ಗೆ ಹಾಕಿತು. ಮೆಗ್ವೈರ್, ನಿಮ್ಮ ಆಹ್ವಾನ ನೀವೇ ಇಟ್ಟುಕೊಳ್ಳಿ ಅಂದುಬಿಟ್ಟರು. ಎನ್‌ಐಟಿಗೆ ಹೋದರು, ಗೆದ್ದರು! ಎನ್‌ಸಿಎಎಗೆ ಇದು ಚೆನ್ನಾಗಿಯೇ ಚುಚ್ಚಿತು. ನಮ್ಮ ಕರೆ ಬಂದರೆ ನಮ್ಮಲ್ಲೇ ಆಡಬೇಕು, ಇಲ್ಲದಿದ್ದರೆ ಎಲ್ಲೂ ಆಡುವ ಹಾಗಿಲ್ಲ ಅಂತ ನಿಯಮವೇ ಆಯಿತು. ಜೊತೆಗೆ ತನ್ನ ಪಂಕ್ತಿಯನ್ನೂ ಉದ್ದ ಮಾಡುತ್ತಾ ಹೋಯಿತು: 1975ರಲ್ಲಿ 32 ತಂಡ, 1985ರಲ್ಲಿ 64. ಒಳ್ಳೆಯ ತಂಡಗಳೆಲ್ಲ ಅಲ್ಲೇ ಕೂತ ಮೇಲೆ ಎನ್‌ಐಟಿಗೆ ಉಳಿದದ್ದು ಉಳಿದವರು. ಎನ್‌ಐಟಿ ನಡೆಸುತ್ತಿದ್ದ ನ್ಯೂಯಾರ್ಕಿನ ಕಾಲೇಜುಗಳು 2001ರಲ್ಲಿ ಎನ್‌ಸಿಎಎ ವಿರುದ್ಧ ಕೋರ್ಟಿಗೆ ಹೋದವು. 2005ರಲ್ಲಿ ರಾಜಿಯಾಯಿತು, 5.65 ಕೋಟಿ ಡಾಲರ್‌ಗೆ. ಯಾರ ಮೇಲೆ ಕೇಸು ಹಾಕಿದ್ದರೋ ಅವರೇ ಟೂರ್ನಿಯನ್ನು ಕೊಂಡುಕೊಂಡರು. ನನಗೆ ಈಗಲೂ ಇದು ಕೇಸು ಗೆದ್ದ ಹಾಗೆ ಕಾಣುವುದಿಲ್ಲ.

ಹೀಗೆ ಎನ್‌ಐಟಿ ಎರಡನೆಯದಾಗಿದ್ದು ಆಟದಲ್ಲಿ ಸೋತು ಅಲ್ಲ. ಈಗ ಅದು ಒಂಥರಾ ಪ್ರಯೋಗಶಾಲೆಯೂ ಹೌದು. ಮೂರು ಅಂಕದ ಗೆರೆಯನ್ನು (ಇದರಾಚೆಯಿಂದ ಬುಟ್ಟಿಗೆ ಹಾಕಿದರೆ ಎರಡರ ಬದಲು ಮೂರು ಅಂಕ) ಅಂತರರಾಷ್ಟ್ರೀಯ ದೂರಕ್ಕೆ ಸರಿಸಿ 2018 ಮತ್ತು 2019ರಲ್ಲಿ ಮೊದಲು ಇಲ್ಲೇ ನೋಡಿದರು, 2019-20ರ ಸೀಸನ್ನಿಗೆ ಮೊದಲ ದರ್ಜೆಯ ಕಾಲೇಜು ಹುಡುಗರ ಪಂದ್ಯಗಳಿಗೆಲ್ಲ ಅದೇ ಬಂತು.

ಇಷ್ಟು ಹೇಳಿದರೂ ಕೇಳಿದವರಿಗೆ ಉತ್ತರ ಸಿಕ್ಕಿರುವುದಿಲ್ಲ. ಸರಿ, ಯಾಕೆ ನೋಡ್ತೀಯ?

2024ರ ಏಪ್ರಿಲ್ 4ರ ಕಾರಣಕ್ಕೆ. ನಾನಿರುವ ಇಂಡಿಯಾನಾಪೊಲಿಸ್‌ನ ಹಿಂಕಲ್ ಫೀಲ್ಡ್‌ಹೌಸ್‌ನಲ್ಲಿ ಫೈನಲ್. (ಅಮ್ಮನಿಗೆ ಇದನ್ನೂ ಬಿಡಿಸಿ ಹೇಳಬೇಕಾಯಿತು, ನಮ್ಮ ಮೈಸೂರಿನ ಹಿನಕಲ್ ಅಲ್ಲ ಅಂತ.) 1928ರ ಇಟ್ಟಿಗೆ ಕಟ್ಟಡ, ಹಳೇ ಕಾಲದ ಎತ್ತರದ ಕಿಟಕಿಗಳು. ಆಡುತ್ತಿದ್ದದ್ದು ಇಂಡಿಯಾನಾ ಸ್ಟೇಟ್, ಇಲ್ಲಿಂದ ಒಂದೂಕಾಲು ಗಂಟೆ ದೂರದ ಟೆರೆ ಹೋಟ್ ಊರಿನ ಕಾಲೇಜು, ಬ್ಯಾಸ್ಕೆಟ್‌ಬಾಲ್ ದಿಗ್ಗಜ ಲ್ಯಾರಿ ಬರ್ಡ್ ಓದಿದ ಕಾಲೇಜು. ಆ ವರ್ಷ 28 ಪಂದ್ಯ ಗೆದ್ದು ಆರೇ ಸೋತಿದ್ದರೂ ಸಮಿತಿ ಅವರನ್ನು ಕರೆದಿರಲಿಲ್ಲ. ಎದುರಿಗಿದ್ದ ಸೀಟನ್ ಹಾಲ್ ಕಾಲೇಜಿಗೂ ಅದೇ ಹೊಟ್ಟೆಯುರಿ. ಅದೇ ವರ್ಷ ಸೇಂಟ್ ಜಾನ್ಸ್‌ನಂಥ ದೊಡ್ಡ ಹೆಸರಿನವರು ಎನ್‌ಐಟಿಯೇ ಬೇಡ ಅಂದು ಮನೆಯಲ್ಲಿ ಕೂತಿದ್ದರು. ಆಗ ಎನ್‌ಐಟಿ ಶುರುವಾಗುವ ಹೊತ್ತಿಗೇ ಆಟಗಾರರು ಕಾಲೇಜು ಬದಲಿಸುವ ಟ್ರಾನ್ಸ್‌ಫರ್ ಪೋರ್ಟಲ್ ತೆರೆದುಕೊಳ್ಳುತ್ತಿತ್ತು, ಅರ್ಧ ತಂಡ ಸೂಟ್‌ಕೇಸ್ ಕಟ್ಟುತ್ತಿರುವಾಗ ಯಾರನ್ನು ಕರೆದುಕೊಂಡು ಆಡುವುದು? ಅವರ ಲೆಕ್ಕವೂ ತಪ್ಪಲ್ಲ ಬಿಡಿ. ಆದರೆ ಬಂದವರನ್ನು ನೋಡುವ ಸುಖವೇ ಬೇರೆ.

ನನ್ನ ಜೊತೆ ಬಂದಿದ್ದವನು ಹುಬ್ಬಳ್ಳಿಯ ಗೆಳೆಯ. ಕಾರು ನಿಲ್ಲಿಸುವವರೆಗೂ ಅವನದು ಒಂದೇ ರಾಗ: "ಸೋತವ್ರ ಆಟ ಏನ್ ನೋಡ್ತೀಪಾ?" ಒಳಗೆ ಹೋದರೆ ಎಲ್ಲಿ ನೋಡಿದರೂ ಇಂಡಿಯಾನಾ ಸ್ಟೇಟ್‌ನ ನೀಲಿ. ಟೆರೆ ಹೋಟ್‌ಗೆ ಟೆರೆ ಹೋಟೇ ಎದ್ದು ಬಂದ ಹಾಗಿತ್ತು. ನಮ್ಮ ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜ, ಪಕ್ಕದಲ್ಲಿ ಮೊಮ್ಮಗ, ಇಬ್ಬರ ಮೂಗಿನ ಮೇಲೂ ಪ್ಲಾಸ್ಟಿಕ್ ಗಾಗಲ್ಸ್. ತಂಡದ ಸೆಂಟರ್ ಆಟಗಾರ ರಾಬಿ ಏವಿಲಾ ಗಾಗಲ್ಸ್ ಹಾಕಿಕೊಂಡೇ ಆಡುತ್ತಿದ್ದ. ಆರಡಿ ಹತ್ತಿಂಚಿನ ಈ ಬೆಳ್ಳಗಿನ ಹುಡುಗನಿಗೆ, ಹಿಂದೆ ಗಾಗಲ್ಸ್ ಹಾಕಿ ಆಡುತ್ತಿದ್ದ ಹೆಸರಾಂತ ಆಟಗಾರ ಕರೀಮ್ ಅಬ್ದುಲ್ ಜಬ್ಬಾರ್ ಹೆಸರು ತಿರುಚಿ 'ಕ್ರೀಮ್ ಅಬ್ದುಲ್ ಜಬ್ಬಾರ್' ಅಂತ ಅಡ್ಡಹೆಸರು ಇಟ್ಟಿದ್ದರು.

ಮುಂದಿದ್ದ ಇಂಡಿಯಾನಾ ಸ್ಟೇಟ್ ಕೊನೆಯಲ್ಲಿ ಕೈಚೆಲ್ಲಿತು. 79-77. ಸೀಟನ್ ಹಾಲ್ ಹುಡುಗರು ಅಂಕಣದ ನಡುವೆ ಒಬ್ಬರ ಮೇಲೊಬ್ಬರು ಬಿದ್ದು ಕುಣಿದರು. ನೀಲಿ ಅಂಗಿಯವರು ಮಾತ್ರ ಎದ್ದು ಹೊರಡಲಿಲ್ಲ. ನಿಂತಲ್ಲೇ ನಿಂತು ಸುಮ್ಮನೆ ಚಪ್ಪಾಳೆ ತಟ್ಟುತ್ತಿದ್ದರು. ಅಜ್ಜ ಗಾಗಲ್ಸ್ ಹಣೆಗೇರಿಸಿ ಕಣ್ಣೊರೆಸಿಕೊಂಡರು, ಮತ್ತೆ ಇಳಿಸಿಕೊಂಡರು. ಕೆಲವೇ ದಿನಗಳಲ್ಲಿ ಕೋಚ್ ಜಾಶ್ ಶರ್ಟ್ಸ್ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯಕ್ಕೆ ಹೋಗುವವರಿದ್ದರು, ಅವರ ಹಿಂದೆಯೇ ಏವಿಲಾ. ಆ ತಂಡ ಒಟ್ಟಿಗೆ ಆಡಿದ್ದು ಅದೇ ಕೊನೆ. ಅಲ್ಲಿದ್ದವರಿಗೆ ಅದು ಮೊದಲೇ ಗೊತ್ತಿತ್ತು ಅನ್ನಿಸುತ್ತದೆ.

ಮರುದಿನ ಆಫೀಸಿತ್ತು, ಪಾರ್ಕಿಂಗ್ ಖಾಲಿಯಾಗಲು ಹೇಗೂ ಹೊತ್ತಾಗುತ್ತದೆ, ಬೇಗ ಹೊರಡೋಣ ಅಂತ ನಾನು ಎದ್ದೆ. ಹುಬ್ಬಳ್ಳಿಯವನು ನನ್ನ ತೋಳು ಹಿಡಿದು ಕೂರಿಸಿದ. "ಇನ್ನೊಂದ್ ಐದ್ ನಿಮಿಷ ತಡಿಯಪಾ," ಅಂದ.