ಬೀಳತ್ತೆ, ಬೀಳ್ಸತ್ತೆ: ಗೊಂಬೆಯಾಟದ ಕೆಲಸ ಎಲ್ಲಿಗೆ ಬಂತು

‘ಬೀಳು’ವಿಗೆ ‘ಇಸು’ ಪ್ರತ್ಯಯ ಸೇರಿದರೆ ‘ಬೀಳಿಸು’. ಯಾರೋ ಮಾಡಿಸುತ್ತಿದ್ದಾರೆ ಎಂದು ಮೂರು ವರ್ಷದ ಮಕ್ಕಳು ತಿಳಿಯುವುದು ಈ ‘ಇಸು’ವಿನಿಂದಲೋ, ವಾಕ್ಯದಲ್ಲಿ ಎಷ್ಟು ನಾಮಪದ ಇವೆ ಎನ್ನುವುದರಿಂದಲೋ ಎಂದು ಆಟಿಕೆಗಳನ್ನಿಟ್ಟು ನೋಡುವ ಪ್ರಯೋಗ ಇದು. ಅದರ ಕ್ರಿಯಾಪದಗಳ ಪಟ್ಟಿ ಕೊನೆಗೂ ಒಂದು ನೆಲೆಗೆ ನಿಂತಿದೆ: ಬೀಳು, ಕುಣಿ, ಮಲಗು, ಮುಳುಗು, ಉರುಳು, ತಿರುಗು. ಒಂದೊಂದಕ್ಕೂ ನಾಲ್ಕು ವಾಕ್ಯ, ಒಟ್ಟು 24. ಒಂದೇ ಸಲಕ್ಕೆ ಅಷ್ಟನ್ನೂ ಮುಗಿಸುವಷ್ಟು ತಾಳ್ಮೆ ಮೂರು ವರ್ಷದವರಿಗಿಲ್ಲ. 12ರಂತೆ ಎರಡು ದಿನ.

ಮಾದರಿ ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್, ಲೈಲಾ ಗ್ಲೈಟ್‌ಮನ್ 2003ರಲ್ಲಿ ಪ್ರಕಟಿಸಿದ ಅಧ್ಯಯನದ್ದು. ಕನ್ನಡದ ಮಕ್ಕಳಿಗೆ ವಾಕ್ಯ ಹೇಳಿ, ಆಟಿಕೆ ಪ್ರಾಣಿಗಳಲ್ಲಿ ಆಡಿಸಿ ತೋರಿಸಲು ಕೇಳಿದ್ದರು. ‘ಇಸು’ ಬಂದರೆ ಯಾರೋ ಮಾಡಿಸುತ್ತಿದ್ದಾರೆ ಅನ್ನುವುದು ಹೆಚ್ಚುಕಡಿಮೆ ಖಾತ್ರಿ. ಎರಡು ನಾಮಪದ ಇದ್ದ ಮಾತ್ರಕ್ಕೆ ಆ ಖಾತ್ರಿಯಿಲ್ಲ: ‘ನರಿ ಆನೇನ ನೋಡತ್ತೆ’. ಆದರೂ ಮಕ್ಕಳು ನೆಚ್ಚಿದ್ದು ನಾಮಪದಗಳ ಲೆಕ್ಕವನ್ನೇ: ಎರಡಿದ್ದರೆ ಒಂದು ಇನ್ನೊಂದರಿಂದ ಮಾಡಿಸುತ್ತಿದೆ ಎಂದೇ ಆಡಿಸಿದರು. (‘ಇಸು’ ಇದ್ದೂ ಯಾರೂ ಏನೂ ಮಾಡಿಸದ ಯೋಚಿಸು, ಪ್ರೀತಿಸು ಇಲ್ಲವೇ ಎಂದು ತಕರಾರು ತೆಗೆಯಬಹುದು. ಮೂರು ವರ್ಷದ ಬಾಯಲ್ಲಿ ಅವೆಷ್ಟು ಬಂದಾವು?)

ನಾಲ್ಕು ವಾಕ್ಯ ಹೀಗೆ: ‘ಕುದುರೆ ಬೀಳತ್ತೆ’, ‘ಮೊಸಳೆ ಕುದುರೇನ ಬೀಳ್ಸತ್ತೆ’, ‘ಮೊಸಳೆ ಕುದುರೇನ ಬೀಳತ್ತೆ’, ‘ಕುದುರೆ ಬೀಳ್ಸತ್ತೆ’. ಎರಡು ಸುಳಿವುಗಳು ಜಗಳಕ್ಕೆ ನಿಲ್ಲುವುದು ಕೊನೆಯ ಎರಡರಲ್ಲಿ: ಬೇಕೆಂತಲೇ ತಪ್ಪಾಗಿಟ್ಟ ಮೂರನೆಯದರಲ್ಲಿ ನಾಮಪದ ಎರಡು, ‘ಇಸು’ ಇಲ್ಲ; ನಾಲ್ಕನೆಯದರಲ್ಲಿ ‘ಇಸು’ ಇದೆ, ನಾಮಪದ ಒಂದೇ.

ಪಟ್ಟಿಯಿಂದ ಬಿಟ್ಟವು: ಏರು, ಹಾರು, ನಿಲ್ಲು. ‘ಮೊಸಳೆ ಕುದುರೇನ ಏರತ್ತೆ’ ತಪ್ಪು ವಾಕ್ಯವೇ ಅಲ್ಲ, ಮೊಸಳೆ ಸವಾರಿ ಹೊರಟಿತು ಅಷ್ಟೆ. ಹಾರುವಿನದೂ ಅದೇ ಕಥೆ. ಪ್ಲಾಸ್ಟಿಕ್ ಕುದುರೆ ಮೊದಲೇ ನಿಂತಿರುವುದರಿಂದ ‘ನಿಲ್ಲು’ ಅಂದರೆ ಮಗು ಮಾಡುವುದಕ್ಕೇನೂ ಉಳಿಯುವುದಿಲ್ಲ.

ಅತಿ ಹೆಚ್ಚು ಹಾಳಾಗುವುದು ಮಕ್ಕಳಿಗೆ ಕೇಳಿಸುವ ವಾಕ್ಯಗಳ ಧ್ವನಿಮುದ್ರಣದಲ್ಲಿ. ಆಡುಮಾತಿನಲ್ಲಿ ‘ಇಸು’ ಕುಗ್ಗಿ ಬರೀ ‘ಸ್’ ಆಗುತ್ತದೆ, ಸದ್ದಿದ್ದರೆ ಅದೂ ಕೇಳದು. ಮೂರನೇ ಬಗೆಯ ವಾಕ್ಯವನ್ನು ಓದುವವರ ನಾಲಿಗೆ ತಾನಾಗಿ ತಿದ್ದಿಕೊಂಡು ‘ಬೀಳ್ಸತ್ತೆ’ ಎನ್ನುತ್ತದೆ, ಇಲ್ಲವೇ ‘ಕುದುರೇನ’ ಆದಮೇಲೆ ತಡೆಯುತ್ತದೆ. ಆ ತಡೆಯೇ ಮಗುವಿಗೆ ಇನ್ನೊಂದು ಸುಳಿವು. ಉಪಾಯ: ವಾಕ್ಯಕ್ಕೆ ಐದೈದು ಸಲ ಓದಿಸಿ, ಏರಿಳಿತ ಸಮನಾಗಿರುವುದನ್ನು ಆರಿಸುವುದು.

ಒಂದೇ ನಾಮಪದವಿದ್ದಾಗಲೂ ಮೇಜಿನ ಮೇಲೆ ಎರಡು ಪ್ರಾಣಿ ಇರಲೇಬೇಕು, ಇಲ್ಲದಿದ್ದರೆ ಆಯ್ಕೆಯೇ ಇಲ್ಲ. ಅಂಕ ಕೊಡುವಾಗ ಮಗುವಿನ ಕೈಯನ್ನು ಲೆಕ್ಕಕ್ಕೆ ಹಿಡಿಯಬಾರದು. ಕುದುರೆಯನ್ನು ಬೀಳಿಸುವುದು ಹೇಗೂ ಆ ಕೈಯೇ. ಒಂದು ಪ್ರಾಣಿ ಇನ್ನೊಂದನ್ನು ಮುಟ್ಟಿ ಬೀಳಿಸಿದರೆ 1, ಒಂಟಿಯಾಗಿ ಬಿದ್ದರೆ 0.

ಬಾಕಿ ಉಳಿದಿರುವುದು ‘ಕುದುರೆ ಬೀಳ್ಸತ್ತೆ’. ಕನ್ನಡದಲ್ಲಿ ಕರ್ಮವನ್ನು ಬಾಯಿಬಿಟ್ಟು ಹೇಳಲೇಬೇಕೆಂದಿಲ್ಲವಾದ್ದರಿಂದ ಇದು ಸರಿಯಾದ ವಾಕ್ಯ: ಕುದುರೆ ಏನನ್ನೋ ಬೀಳಿಸುತ್ತದೆ. ಕುದುರೆ ಮೊಸಳೆಯನ್ನು ಕೆಡವಿದರೂ 1, ಮೊಸಳೆ ಕುದುರೆಯನ್ನು ಕೆಡವಿದರೂ 1, ಆದರೆ ಎರಡನ್ನೂ ಬೇರೆ ಬೇರೆ ಅಂಕಣದಲ್ಲಿ ಬರೆಯುವುದೆಂದು ಸದ್ಯಕ್ಕೆ ಇಟ್ಟುಕೊಂಡಿದೆ. ಮೊದಲು ದೊಡ್ಡವರನ್ನು ಕೂರಿಸಿ, ಇದೇ ಅಂಕದ ಹಾಳೆಯಲ್ಲಿ ಬರೆದು ನೋಡಬೇಕು.